ಅರವತ್ತು ಅಂಗಿಗಳ ಒಳಜೇಬು

ಹೋದ ವರ್ಷ ನಾನು ಒಂದು ಪಡೆಗೆ ಅರವತ್ತು ಅಂಗಿ ಹೊಲಿದುಕೊಟ್ಟೆ. ಸರ್ಕಾರದ ಪಡೆ ಅಲ್ಲ, ಸಿನಿಮಾದ ಪಡೆ. ಒಬ್ಬ ದೊಡ್ಡ ಮನುಷ್ಯ ಬಂಡೆಗಳ ನಡುವೆ ತನ್ನದೇ ಸೈನ್ಯ ಕಟ್ಟಿಕೊಂಡಿರುತ್ತಾನೆ. ಅದಕ್ಕೆ ಕವಾಯತು, ಬಂದೂಕು, ಸಮವಸ್ತ್ರ, ಕಮಾಂಡರ್ ಎಲ್ಲ ಇರುತ್ತದೆ. ಅದರೊಳಗೆ ಪೊಲೀಸರಿಗೆ ಸುದ್ದಿ ಮುಟ್ಟಿಸುವವನೊಬ್ಬ ಸೇರಿಕೊಂಡಿರುತ್ತಾನೆ. ಅವನು ಯಾರು ಅನ್ನುವುದೇ ಕಥೆ. ಇಷ್ಟನ್ನು ನನಗೆ ಹೇಳಿದವರು ಆ ಸಿನಿಮಾದ ಬಟ್ಟೆಬರೆ ನೋಡಿಕೊಳ್ಳುವ ಹೆಣ್ಣುಮಗಳು. ಬೆಂಗಳೂರಿನವರು, ಸ್ವಂತ ಜವಾಬ್ದಾರಿಯಲ್ಲಿ ಮಾಡುತ್ತಿದ್ದ ಮೊದಲ ಸಿನಿಮಾ ಅದು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಯಾರಿಗೂ ಹೇಳಬಾರದೆಂದು ನಿರ್ದೇಶಕರ ಅಪ್ಪಣೆಯಂತೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಹೊಳಲ್ಕೆರೆಯಲ್ಲಿ ನನ್ನದು ಎರಡು ಮಿಷನ್ನಿನ ಅಂಗಡಿ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನನ್ನ ಹೆಂಡತಿ. ಕಟಿಂಗು, ಹೊಲಿಗೆ ನನ್ನದು. ಕಾಜ, ಗುಂಡಿ, ಇಸ್ತ್ರಿ ಅವಳದು. ಮೂವತ್ತು ವರ್ಷದಲ್ಲಿ ನಾನು ಹೊಲಿದ ಒಂದು ಅಂಗಿಯೂ ಕೆಟ್ಟಿದೆ ಅಂತ ವಾಪಸ್ ಬಂದಿಲ್ಲ. ಇದನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ, ಕೇಳದಿದ್ದವರಿಗೂ ಹೇಳುತ್ತೇನೆ. ಆ ಹೆಣ್ಣುಮಗಳಿಗೂ ಹೇಳಿದೆ. ಅವರು ಬಂದದ್ದು ಸುಮ್ಮನೆ ವಿಚಾರಿಸುವುದಕ್ಕೆ. ರೆಡಿಮೇಡ್ ಅಂಗಿ ತರಿಸಿದ್ದರಂತೆ. ಸಿನಿಮಾದಲ್ಲಿ ಸಾಲಿನಲ್ಲಿ ನಿಲ್ಲಲು ಆರಿಸಿದ್ದ ನಮ್ಮ ಕಡೆಯ ಜನಕ್ಕೆ ಹಾಕಿ ನೋಡಿದರೆ ಕೆಲವರಿಗೆ ಭುಜ ಜೋತುಬಿದ್ದು, ಕೆಲವರಿಗೆ ಹೊಟ್ಟೆಯ ಹತ್ತಿರ ಗುಂಡಿ ಹಿಡಿಯದೆ, ಪಡೆಯ ಹಾಗೆ ಕಾಣದೆ ಮದುವೆ ಊಟಕ್ಕೆ ಬಂದವರ ಹಾಗೆ ಕಂಡರಂತೆ.

"ಒಬ್ಬೊಬ್ಬರ ಅಳತೆ ತಗೊಂಡು ಹೊಲಿಬೇಕು ಮಾಸ್ಟರ್. ಇಪ್ಪತ್ತು ದಿನ ಇದೆ. ಬೆಂಗಳೂರಿನವರು ಆಗಲ್ಲ ಅಂದ್ರು," ಎಂದರು.

"ಅವರು ಆಗಲ್ಲ ಅಂದಿದ್ದಕ್ಕೆ ನಾನು ಆಗತ್ತೆ ಅಂತೀನಿ ಮೇಡಂ," ಎಂದೆ.

ಒಳಗಿಂದ ನನ್ನ ಹೆಂಡತಿ ಕೆಮ್ಮಿದಳು. ಅವಳ ಕೆಮ್ಮಿನಲ್ಲಿ ನಾಲ್ಕಾರು ಬಗೆ ಇವೆ. ಇದು, ಬಾಯಿ ಮುಚ್ಚಿಕೊಳ್ಳಿ ಅನ್ನುವ ಬಗೆ. ಆದರೆ ಹೇಳಿಯಾಗಿತ್ತು.

ಅವರು ಒಂದು ಮಾದರಿ ಅಂಗಿ ಕೊಟ್ಟರು. ದಪ್ಪ ಬಟ್ಟೆ, ಒಣಗಿದ ಹುಲ್ಲಿನ ಬಣ್ಣ. ಎದೆಯ ಮೇಲೆ ಮುಚ್ಚಳದ ಎರಡು ಜೇಬು, ಭುಜಕ್ಕೆ ಪಟ್ಟಿ. "ಇದರ ಹಾಗೇ ಇರಬೇಕು ಮಾಸ್ಟರ್. ಒಂದು ಚೂರೂ ಹೆಚ್ಚುಕಮ್ಮಿ ಬೇಡ," ಎಂದರು. ನಾನು ಅಂಗಿಯನ್ನು ತಿರುಗಿಸಿ ಒಳಗೆ ನೋಡಿದೆ. ಒಳಜೇಬು ಇರಲಿಲ್ಲ. ಹೊಲಿದವನು ಸೋಮಾರಿ ಇರಬೇಕು ಅಂದುಕೊಂಡೆ. ಅಷ್ಟೆ. ಬಾಯಿಬಿಟ್ಟು ಕೇಳಲಿಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ನಾನು ಕೆಲಸ ಕಲಿತದ್ದು ಚಿತ್ರದುರ್ಗದಲ್ಲಿ ಒಬ್ಬ ಸಾಬರ ಹತ್ತಿರ. ಅವರ ತಾತನ ತಾತನೂ ಅಲ್ಲೇ ಹೊಲಿಗೆ ಹಾಕಿದವರಂತೆ. ಕತ್ತರಿಸಿದ ಮೇಲೆ ಉಳಿಯುವ ತುಂಡು ಬಟ್ಟೆಯನ್ನು ಅವರು ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅದು ಗಿರಾಕಿಯ ಬಟ್ಟೆ, ಗಿರಾಕಿಯ ಜೊತೆಗೇ ಹೋಗಬೇಕು. ಅದಕ್ಕೆ ಆ ತುಂಡಿನಿಂದ ಅಂಗಿಯ ಎಡ ಎದೆಗೆ ಒಳಗಡೆ ಒಂದು ಜೇಬು ಇಟ್ಟು ಹೊಲಿಯುವುದು. ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ, ಅದಕ್ಕೆ ಬೇರೆ ಕೂಲಿ ಇಲ್ಲ. ಶೇಂಗಾ ಮಾರಲು, ದನ ಕೊಳ್ಳಲು, ಆಸ್ಪತ್ರೆಗೆ ತೋರಿಸಲು ಬಸ್ಸಿನಲ್ಲಿ ನೂಕಿಕೊಂಡು ಬರುವ ಜನ. ಮೇಲಿನ ಜೇಬು ಕಳ್ಳನಿಗೆ, ಒಳಗಿನದು ತಮಗೆ. ಒಳಜೇಬಿಲ್ಲದ ಅಂಗಿ ಕೊಟ್ಟರೆ ಟೈಲರ್ ತುಂಡು ಬಟ್ಟೆ ಹೊಡೆದ ಅನ್ನುತ್ತಾರೆ. ನಮ್ಮ ಕಡೆ ಟೈಲರಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಅಳತೆಗೆ ನಾನೇ ಹೋದೆ. ಟೇಪು, ನೋಟ್‌ಬುಕ್ಕು, ಚಾಕ್‌ಪೀಸು ಚೀಲಕ್ಕೆ ಹಾಕಿಕೊಂಡು ಹೊಸದುರ್ಗಕ್ಕೊಂದು ದಿನ, ಹಿರಿಯೂರಿಗೊಂದು ದಿನ, ಬಿ.ದುರ್ಗಕ್ಕೊಂದು ದಿನ. ಕರೆದವರು ಕರೆದ ಜಾಗಕ್ಕೆಲ್ಲ ಹೋಗಿ ಅಳೆದೆ: ಹಾಲಿನ ಡೈರಿಯ ಮುಂದೆ, ಪಂಚಾಯ್ತಿ ಕಟ್ಟೆಯ ಮೇಲೆ, ಒಬ್ಬನನ್ನು ಟ್ರಾಕ್ಟರಿನಿಂದ ಇಳಿಸಿ. ಬಿ.ದುರ್ಗದ ಒಬ್ಬ ಯಜಮಾನರು ಟೇಪು ಹೊಟ್ಟೆಗೆ ಬಂದ ಕೂಡಲೇ ಉಸಿರು ಎಳೆದುಕೊಂಡರು. ಅರವತ್ತು ದಾಟಿದವರು, ಬಿಳಿ ಮೀಸೆ, ಒಳ್ಳೆಯ ಎತ್ತರ.

"ಉಸಿರು ಬಿಡ್ರಿ ಯಜಮಾನ್ರೆ," ಎಂದೆ.

"ಪಡೆ ಅಂದ್ರೆ ಹೊಟ್ಟೆ ಇರ್ಬಾರ್ದು ಕಣಪ್ಪ."

"ಸಿನಿಮಾ ಮುಗಿಯೋ ಗಂಟ ಹಿಂಗೇ ಹಿಡ್ಕಂಡಿರ್ತೀರಾ?"

"ನೀನು ಹೊಲಿ. ಹಿಡ್ಕಂಡಿರೋದು ಬಿಡೋದು ನಂದು." ಆಮೇಲೆ ದನಿ ತಗ್ಗಿಸಿ ಕೇಳಿದರು: "ಒಳಜೇಬು ಇಕ್ತೀಯ ತಾನೆ?"

"ಇಕ್ಕದೆ ಬಿಡ್ತೀನಾ," ಎಂದೆ.

ಅವರೊಬ್ಬರೇ ಅಲ್ಲ. ಧರ್ಮಪುರದ ಕಡೆಯಿಂದ ಬಂದಿದ್ದ ಶೇಂಗಾ ಬೆಳೆಯುವ ಅಣ್ಣತಮ್ಮಂದಿರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅದನ್ನೇ ಕೇಳಿದರು. ಹಿರಿಯೂರಿನ ಒಬ್ಬ, ತನ್ನದು ಸ್ವಲ್ಪ ಆಳವಾಗಿರಲಿ, ಫೋನು ಕೂರಬೇಕು ಅಂದ. ಹೀಗೆ ಕೇಳಿಸಿಕೊಂಡು ಬಂದವನಿಗೆ ಆ ಮಾದರಿ ಅಂಗಿಯೇ ತಪ್ಪು, ನಮ್ಮದೇ ಸರಿ ಅನ್ನಿಸಿದ್ದು ದೊಡ್ಡ ಮಾತಲ್ಲ.

ನನ್ನ ಹೆಂಡತಿ ಮಾತ್ರ ಮೊದಲನೇ ಅಂಗಿ ಅವಳ ಕೈಗೆ ಹೋದಾಗ ಒಳಗೆ ಬೆರಳು ಇಟ್ಟು ನೋಡಿ, "ಅವರದ್ರಲ್ಲಿ ಇದು ಇಲ್ಲವಲ್ರಿ," ಎಂದಳು.

"ಅವರ ಟೈಲರಿಗೆ ಗೊತ್ತಿಲ್ಲ."

"ಒಂದು ಫೋನ್ ಮಾಡಿ ಕೇಳ್ರಿ."

"ಲೇ, ಹೊರಗೆ ಕಾಣಲ್ಲ, ಬಿಟ್ಟಿ ಮಾಡಿಕೊಡ್ತಿದ್ದೀನಿ. ಬೇಡ ಅನ್ನೋರು ಯಾರಿದ್ದಾರೆ?"

"ಕೇಳಿದ್ರೆ ನಿಮ್ಮ ಗಂಟೇನು ಹೋಗ್ತದೆ?" ಎಂದು ಅವಳು ಕಾಜ ಹಾಕಲು ಕುಳಿತಳು. ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಓದಿದ ಹೆಣ್ಣುಮಗಳ ಹತ್ತಿರ ಕೆಲಸದ ವಿಷಯದಲ್ಲಿ ಪ್ರಶ್ನೆ ಕೇಳಿದರೆ ಇವನಿಗೆ ಗೊತ್ತಿಲ್ಲ ಅಂದುಕೊಂಡಾರು ಅನ್ನುವ ಅಳುಕು. ಶಾಲೆ ಬಿಟ್ಟವನಿಗೆ ಈ ಕಾಯಿಲೆ ಇರುತ್ತದೆ. ಕೈ ಎತ್ತಿ ಕೇಳುವುದನ್ನು ನಾನು ಆರನೇ ಕ್ಲಾಸಿನಲ್ಲೇ ಬಿಟ್ಟು ಬಂದಿದ್ದೆ.

ಹದಿನೆಂಟು ದಿನಕ್ಕೆ ಅರವತ್ತೂ ಮುಗಿದವು. ಅವಳು ಇಸ್ತ್ರಿ ಮಾಡಿ, ಗುಂಡಿ ಹಾಕಿ, ಮಡಚಿ, ಪ್ರತಿಯೊಂದರ ಮೇಲೂ ಹೆಸರಿನ ಚೀಟಿ ಸಿಕ್ಕಿಸಿದಳು. ಬಟ್ಟೆಯ ಮೇಡಂ ಬಂದು ನಾಲ್ಕೈದು ಎತ್ತಿ ಕಾಲರ್ ನೋಡಿದರು, ಭುಜಪಟ್ಟಿ ಎಳೆದು ನೋಡಿದರು. "ಮಾಸ್ಟರ್, ಬೆಂಗಳೂರಲ್ಲೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ," ಎಂದರು. ಒಳಗೆ ನೋಡಲಿಲ್ಲ. ನೋಡಲು ಕಾರಣವೂ ಇರಲಿಲ್ಲ. ಶೂಟಿಂಗಿನ ದಿನ ಸೂಜಿದಾರ ಹಿಡಿದುಕೊಂಡು ನೀವೂ ಬನ್ನಿ, ಗುಂಡಿ ಕಿತ್ತರೆ ಬೇಕಾಗುತ್ತದೆ ಎಂದು ಕರೆದರು. ಆ ವಾರವೆಲ್ಲ ನಾನು ಹೋಟೆಲಿನಲ್ಲಿ, ಕಟಿಂಗ್ ಶಾಪಿನಲ್ಲಿ, ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಶೂಟಿಂಗು ಚಿತ್ರದುರ್ಗದ ಆಚೆ ಬಂಡೆಗಳ ನಡುವಿನ ಒಂದು ಬಯಲಿನಲ್ಲಿ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಅರವತ್ತು ಜನ ಅಂಗಿ ಹಾಕಿಕೊಂಡು ಸಾಲಾಗಿ ನಿಂತಾಗ ನಾನು ಒಂದು ಕಲ್ಲಿನ ಮೇಲೆ ಹತ್ತಿ ನಿಂತು ನೋಡಿದೆ. ಹೇಳಿಕೊಳ್ಳುವುದಕ್ಕೆ ನಾಚಿಕೆ ಇಲ್ಲ, ಕಣ್ಣು ತುಂಬಿ ಬಂತು. ಒಂದು ಭುಜ ಜೋತುಬಿದ್ದಿಲ್ಲ, ಒಂದು ಕಾಲರ್ ಎದ್ದಿಲ್ಲ. ನೆನ್ನೆಯವರೆಗೆ ಕಳೆ ಕೀಳುತ್ತಿದ್ದವರು, ಹಾಲು ಹಾಕುತ್ತಿದ್ದವರು, ಆಟೋ ಓಡಿಸುತ್ತಿದ್ದವರು. ನೋಡಿದರೆ ಎದೆ ನಡುಗಬೇಕು, ಹಾಗೆ ನಿಂತಿದ್ದರು. ಬಿ.ದುರ್ಗದ ಯಜಮಾನರು ಉಸಿರು ಹಿಡಿದುಕೊಂಡೇ ಇದ್ದರು. ಅವರ ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಒಬ್ಬ ನಟ ನಿಂತಿದ್ದ. ಅವನಿಗೆ ಸಿನಿಮಾದವರದೇ ಅಂಗಿ, ಬೆಂಗಳೂರಿನಿಂದಲೇ ತಂದದ್ದು.

ಅವತ್ತಿನ ದೃಶ್ಯ ತಪಾಸಣೆಯದು. ಕಮಾಂಡರ್ ಪಾತ್ರದ ದೊಡ್ಡ ನಟರು ಸಾಲಿನ ಉದ್ದಕ್ಕೂ ನಡೆದು ಒಬ್ಬೊಬ್ಬನ ಅಂಗಿಯ ಗುಂಡಿ ಬಿಚ್ಚಿ ಒಳಗೆ ನೋಡಬೇಕು. ಅವರಿಗೆ ಅವತ್ತು ಸಂಜೆಯವರೆಗೆ ಮಾತ್ರ ಬಿಡುವು, ಮರುದಿನ ಬೇರೆ ಊರಿನಲ್ಲಿ ಬೇರೆ ಸಿನಿಮಾ. ಕ್ಯಾಮೆರಾ ಇಲ್ಲದೆ ಮೊದಲು ಒಂದು ಸಲ ಮಾಡಿ ನೋಡೋಣ ಎಂದರು ನಿರ್ದೇಶಕರು. ಸಣಕಲು ಮನುಷ್ಯ, ಮೆಲುದನಿ.

ಕಮಾಂಡರು ಮೊದಲನೆಯವನ ಅಂಗಿ ಬಿಚ್ಚಿದರು. ಕೈ ಒಳಗೆ ಹೋಯಿತು. ಹೊರಗೆ ಬಂದದ್ದು ಬಾಚಣಿಗೆ. ಎರಡನೆಯವನ ಒಳಗಿಂದ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಮೂರನೆಯವನು ಧರ್ಮಪುರದವನು, ಅವನ ಜೇಬಿನಿಂದ ಹುರಿದ ಶೇಂಗಾ ಒಂದು ಹಿಡಿ. ಕಮಾಂಡರು ಒಂದು ಕಾಳು ಬಾಯಿಗೆ ಹಾಕಿಕೊಂಡು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಜೇಬು ಹಾಕಿಕೊಂಡ ಅರ್ಧ ಗಂಟೆಯಲ್ಲೇ ಕೆಲಸಕ್ಕೆ ಬಂದಿತ್ತಲ್ಲ.

ನಿರ್ದೇಶಕರು ನಗಲಿಲ್ಲ. ಬಟ್ಟೆಯ ಮೇಡಂ ಕಡೆ ತಿರುಗಿ, "ಇವರಿಗೆಲ್ಲ ಒಳಜೇಬು ಯಾಕಿದೆ?" ಎಂದರು.

ಆ ಹೆಣ್ಣುಮಗಳ ಮುಖದಲ್ಲಿ ರಕ್ತ ಇರಲಿಲ್ಲ. ಓಡಿಹೋಗಿ ನಾಲ್ಕನೆಯವನ, ಐದನೆಯವನ ಅಂಗಿ ತೆರೆದು ನೋಡಿದರು. ಅಲ್ಲೂ ಇತ್ತು. ಆಗ ನಿರ್ದೇಶಕರು ಮೆಲ್ಲಗೆ ಹೇಳಿದ ಮಾತು ಬಂಡೆಗೆ ಬಡಿದು ನನಗೂ ಕೇಳಿಸಿತು. ಇಡೀ ಪಡೆಯಲ್ಲಿ ಒಬ್ಬನೇ ಒಬ್ಬನ ಅಂಗಿಗೆ ಒಳಜೇಬು ಇರಬೇಕಿತ್ತಂತೆ. ಅದರಿಂದಲೇ ಅವನು ಸುದ್ದಿಗಾರ ಅಂತ ಸಿಕ್ಕಿಬೀಳಬೇಕಿತ್ತಂತೆ. "ಈಗ ನೋಡಿದ್ರೆ ಅರವತ್ತು ಜನಾನೂ ಪೊಲೀಸರ ಕಡೆಯವರೇ," ಎಂದರು.

ಆ ಮೇಡಂ, "ಸರ್, ನಾನು ಚೆಕ್ ಮಾಡಬೇಕಿತ್ತು, ತಪ್ಪು ನಂದು," ಎಂದು ಶುರುಮಾಡಿದರು. ನಾನು ಇನ್ನೂ ಕಲ್ಲಿನ ಮೇಲೇ ನಿಂತಿದ್ದೆ. ಸುಮ್ಮನಿದ್ದರೆ ಅವರ ತಲೆಗೇ ಹೋಗುತ್ತಿತ್ತು. ನಾನು ಯಾರೆಂದು ಅಲ್ಲಿ ಎಷ್ಟೋ ಜನಕ್ಕೆ ಗೊತ್ತೂ ಇರಲಿಲ್ಲ. ಆದರೆ ನನ್ನ ಜೇಬಿಗೆ ಇನ್ನೊಬ್ಬರು ತಪ್ಪು ಒಪ್ಪಿಕೊಳ್ಳುವುದು ನನ್ನಿಂದ ನೋಡಲಾಗಲಿಲ್ಲ. ಇಳಿದು ಹೋದೆ.

"ಹೊಲಿದೋನು ನಾನು ಸರ್. ಮೇಡಂ ಮಾದರಿ ಸರಿಯಾಗೇ ಕೊಟ್ಟಿದ್ರು. ಜೇಬು ನಾನಾಗೇ ಇಟ್ಟೆ."

"ಯಾಕೆ?"

ತುಂಡು ಬಟ್ಟೆಯ ಕಥೆ ಹೇಳಿದೆ. ಅಷ್ಟು ಜನರ ಮುಂದೆ, ಅಷ್ಟು ಲೈಟುಗಳ ನಡುವೆ ಅದು ಬಹಳ ಸಣ್ಣ ಕಥೆಯಾಗಿ ಕೇಳಿಸಿತು. ಅವರು ಪೂರ್ತಿ ಕೇಳಿಸಿಕೊಂಡು, "ಬಿಚ್ಚೋಕೆ ಎಷ್ಟು ಹೊತ್ತು ಬೇಕು?" ಎಂದರು.

ಸುಳ್ಳು ಹೇಳಬಹುದಿತ್ತು. ಒಂದು ಗಂಟೆ ಸರ್ ಅಂದು ಕತ್ತರಿ ಹಿಡಿಯಬಹುದಿತ್ತು. "ಒಳಜೇಬಿನ ಹೊಲಿಗೆ, ಹೊರಜೇಬಿನ ಹೊಲಿಗೆ ಒಂದೇ ಸರ್. ಇದು ಬಿಚ್ಚಿದ್ರೆ ಅದೂ ಬಿಚ್ಚಿಕೊಳ್ತದೆ. ದಪ್ಪ ಬಟ್ಟೆ, ಸೂಜಿ ತೂತು ಎದೆ ಮೇಲೆ ಕಾಣ್ತವೆ. ಎಲ್ಲ ಸರಿ ಮಾಡಾಕೆ ಮೂರು ದಿನ ಬೇಕು," ಎಂದೆ. ಮೂವತ್ತು ವರ್ಷದಲ್ಲಿ ಒಂದೂ ವಾಪಸ್ ಬಂದಿಲ್ಲ ಅಂತ ಊರೆಲ್ಲ ಸಾರಿದವನಿಗೆ ಒಂದೇ ದಿನ ಅರವತ್ತು ವಾಪಸ್. ಹೊಳಲ್ಕೆರೆ ಬಸ್ಸಿನಿಂದ ಇಳಿದರೆ ಮೊದಲು ಸಿಗುವುದೇ ಕಟಿಂಗ್ ಶಾಪು. ಅವರಿಗೆ ಏನು ಹೇಳಲಿ ಅನ್ನುವುದೇ ನನ್ನ ತಲೆಯಲ್ಲಿ ಓಡುತ್ತಿತ್ತು.

ನಿರ್ದೇಶಕರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಏನಾದರೂ ಆಗಲಿ, ಮೊದಲು ಎಲ್ಲರ ಜೇಬೂ ಖಾಲಿ ಮಾಡಿಸಿ, ಎಂದು ಸಹಾಯಕರಿಗೆ ಹೇಳಿದರು. ನಮ್ಮ ಜನ ಒಳಗಿಂದ ಒಂದೊಂದೇ ತೆಗೆಯತೊಡಗಿದರು. ಬಸ್ಸಿನ ಟಿಕೆಟ್ಟು, ಬಿಪಿ ಮಾತ್ರೆ, ಮಗಳ ಪಾಸ್‌ಪೋರ್ಟ್ ಸೈಜಿನ ಫೋಟೋ, ಸೊಸೆ ತರಲು ಹೇಳಿದ್ದ ಸಾಮಾನಿನ ಚೀಟಿ, ಹಾಲುರಾಮೇಶ್ವರದಿಂದ ತಂದ ಪ್ರಸಾದದ ಪೊಟ್ಟಣ, ಮೋಟರಿನ ಸುಟ್ಟ ಫ್ಯೂಸು. ಹಾಕಿಕೊಂಡು ಅರ್ಧ ದಿನವೂ ಆಗಿರಲಿಲ್ಲ, ಆ ಅಂಗಿಗಳ ಒಳಗೆ ಸಂಸಾರ ಹೂಡಿಬಿಟ್ಟಿದ್ದರು.

ಬಿ.ದುರ್ಗದ ಯಜಮಾನರು ತಮ್ಮ ಬೀಡಿ ಕಟ್ಟು, ಬೆಂಕಿಪೊಟ್ಟಣ ತೆಗೆದುಕೊಟ್ಟು, ಪಕ್ಕದಲ್ಲಿದ್ದ ಬೆಂಗಳೂರಿನ ನಟನ ಕಡೆ ನೋಡಿದರು. ಅವನು ಏನೂ ತೆಗೆಯದೆ ನಿಂತಿದ್ದ.

"ನಿಂದೇನೈತೆ ತೆಗಿಯಪ್ಪ," ಎಂದರು.

"ನಂದೇನೂ ಇಲ್ಲ ಅಂಕಲ್."

"ಏನೂ ಇಲ್ವಾ? ಬಿಡು ನೋಡಾಣ." ಅವನು ಬೇಡ ಅನ್ನುವುದರೊಳಗೆ ಯಜಮಾನರು ಅವನ ಅಂಗಿಯೊಳಗೆ ಕೈ ಹಾಕಿ, ಜೇಬಿನ ಮೂಲೆಯವರೆಗೆ ಬೆರಳಾಡಿಸಿ, ಬರಿಗೈ ತೆಗೆದರು. ಸಾಲಿನ ಕಡೆ ತಿರುಗಿ ಹೇಳಿದರು: "ಬಸ್ಸಿನ ಚೀಟಿನೂ ಇಲ್ಲ ಕಣ್ರೋ. ಇವನ್ಯಾವ ಸೀಮೆ ಗಂಡಸು? ಇವ್ನು ನಮ್ಮ ಪೈಕಿ ಅಲ್ಲ ಬಿಡ್ರಿ."

ಸಾಲು ನಕ್ಕಿತು. ನಿರ್ದೇಶಕರ ಕೈ ಟೋಪಿಯ ಜೊತೆಗೆ ಗಾಳಿಯಲ್ಲೇ ನಿಂತಿತು. ಬಟ್ಟೆಯ ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಯಾಕೆಂದರೆ ಸುದ್ದಿಗಾರನ ಪಾತ್ರ ಅವನದೇ. ಸಾಲಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ, ಯಜಮಾನರಿಗಂತೂ ಗೊತ್ತಿರಲಿಲ್ಲ. ಅವನ ಒಳಜೇಬಿಗೆ ಇಡಬೇಕಿದ್ದ ಗುಟ್ಟಿನ ಕಾಗದವನ್ನು ಇನ್ನೂ ಇಟ್ಟಿರಲಿಲ್ಲ, ಅಷ್ಟೆ.

"ಯಜಮಾನ್ರೆ, ಈಗ ಹೇಳಿದ್ದು ಇನ್ನೊಂದು ಸಲ ಹೇಳಿ," ಎಂದರು ನಿರ್ದೇಶಕರು.

ಯಜಮಾನರು ಹೆದರಿದರು. "ತಮಾಷಿಗೆ ಅಂದೆ ಸ್ವಾಮಿ. ಒಳ್ಳೆ ಹುಡುಗ."

"ಇಲ್ಲ ಇಲ್ಲ. ಯಾಕೆ ನಿಮ್ಮ ಪೈಕಿ ಅಲ್ಲ?"

ಯಜಮಾನರು ತಾವು ತೆಗೆದುಕೊಟ್ಟಿದ್ದ ಬೀಡಿ ಕಟ್ಟಿನ ಕಡೆ ಕೈ ತೋರಿಸಿದರು. "ಮನೆ ಮಠ ಇರೋನ ಜೇಬಲ್ಲಿ ಏನಾರ ಇರ್ತದೆ ಸ್ವಾಮಿ. ಏನೂ ಇಲ್ಲ ಅಂದ್ರೆ ಏನೋ ಮುಚ್ಚಿಡ್ತಾನೆ ಅಂತ ಅಲ್ವಾ?" ಎಂದರು.

ನಿರ್ದೇಶಕರು ಕಮಾಂಡರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಮಾತಾಡಿದರು. ಅಷ್ಟು ಹೊತ್ತು ನಾನು ಕೈಯಲ್ಲಿ ಕತ್ತರಿ ಹಿಡಿದುಕೊಂಡು ನಿಂತಿದ್ದೆ. ಬಂದವರೇ, "ತೆಗೆದದ್ದೆಲ್ಲ ಅವರವರ ಜೇಬಿಗೆ ವಾಪಸ್ ಹಾಕಿಸಿ. ಯಾರದ್ದು ಏನು ಅಂತ ಬದಲಾಗಬಾರದು," ಎಂದರು. ನನ್ನ ಕಡೆ ನೋಡಿ, "ಮಾಸ್ಟರ್, ಕತ್ತರಿ ಒಳಗಿಡಿ," ಎಂದರು.

ಆ ದೃಶ್ಯವನ್ನು ಅವರು ತೆಗೆದ ರೀತಿ ಹೀಗೆ. ಕಮಾಂಡರು ಸಾಲಿನಲ್ಲಿ ನಡೆಯುತ್ತಾರೆ. ಒಬ್ಬೊಬ್ಬನ ಒಳಜೇಬಿನಿಂದ ಒಂದೊಂದು ಬರುತ್ತದೆ: ಮಾತ್ರೆ, ಫೋಟೋ, ಶೇಂಗಾ. ನೋಡಿ, ವಾಪಸ್ ಇಟ್ಟು, ಮುಂದೆ ಹೋಗುತ್ತಾರೆ. ಸುದ್ದಿಗಾರನ ಜೇಬಿನಲ್ಲಿ ಏನೂ ಸಿಗುವುದಿಲ್ಲ. ಕಮಾಂಡರು ಏನೂ ಹೇಳುವುದಿಲ್ಲ. ಅವನ ಅಂಗಿಯ ಗುಂಡಿಯನ್ನು ತಾವೇ ಹಾಕಿ, ಭುಜ ತಟ್ಟಿ, ಮುಂದಿನವನ ಹತ್ತಿರ ಹೋಗುತ್ತಾರೆ. ಅಷ್ಟೇ. ಬಿಸಿಲಿನಲ್ಲಿ ನಿಂತು ನೋಡುತ್ತಿದ್ದ ನನಗೂ ಬೆನ್ನು ತಣ್ಣಗಾಯಿತು. ನಾಲ್ಕು ಗಂಟೆಗೆ ಮುಗಿಯಿತು. ದೊಡ್ಡ ನಟರು ಹೋಗುವಾಗ ಧರ್ಮಪುರದವನ ಹತ್ತಿರ ಉಳಿದ ಶೇಂಗಾ ಇಸಿದುಕೊಂಡು ಕಾರು ಹತ್ತಿದರು.

ಅಂಗಿಗಳನ್ನು ಗಂಟು ಕಟ್ಟಿಸುವಾಗ ಬಟ್ಟೆಯ ಮೇಡಂ ನನ್ನ ಪಕ್ಕ ಬಂದು ಕುಳಿತರು. "ಮಾಸ್ಟರ್, ನಾನು ಇವತ್ತೇ ಬಸ್ ಹತ್ತಿ ಮನೆಗೆ ಹೋಗ್ತೀನಿ ಅಂದ್ಕೊಂಡಿದ್ದೆ," ಎಂದರು.

"ನಾನೂ ಅಂದ್ಕಂಡಿದ್ದೆ. ಆದ್ರೆ ನಮ್ಮನೆಗೆ ಹೋಗೋ ಬಸ್ಸು ಬಜಾರಿನ ಮುಂದೇನೆ ನಿಲ್ತದೆ, ಅದಕ್ಕೇ ಹೆದರಿದ್ದೆ."

ಅವರು ಬಹಳ ಹೊತ್ತು ನಕ್ಕರು. ಆಮೇಲೆ, ಇನ್ನೊಂದು ಸಲ ಹೀಗೆ ಮಾಡೋ ಮುಂಚೆ ಒಂದು ಮಾತು ಕೇಳಿ ಮಾಸ್ಟರ್, ಎಂದರು. ಸಿಟ್ಟಿಲ್ಲದೆ ಹೇಳಿದ್ದಕ್ಕೆ ಅದು ಹೆಚ್ಚು ತಾಗಿತು. ಆಗಲಿ ತಾಯಿ, ಎಂದೆ.

ಸುದ್ದಿಗಾರ ಯಾರೆಂದು ಹೊರಗೆ ಬಿಡಬಾರದೆಂದು ನಿರ್ದೇಶಕರು ಅರವತ್ತು ಜನರ ಹತ್ತಿರವೂ ಮಾತು ತೆಗೆದುಕೊಂಡಿದ್ದರು. ನಮ್ಮ ನಾಲ್ಕು ತಾಲ್ಲೂಕಿನ ಜನ ಒಂದು ಗುಟ್ಟನ್ನು ಎಂಟು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಇದೇ ಮೊದಲಿರಬೇಕು. ಕಟಿಂಗ್ ಶಾಪಿನವನು ಕತ್ತಿಗೆ ಬ್ಲೇಡು ಹಿಡಿದು ಕೇಳಿದರೂ ನಾನು ಬಾಯಿಬಿಡಲಿಲ್ಲ. ಜೇಬಿನ ವಿಷಯವನ್ನೂ ಹೇಳಲಿಲ್ಲ. ಅದಕ್ಕೆ ಕಾರಣ ಬೇರೆ ಇತ್ತು. ಮನೆಯಲ್ಲಿ ಕೂಡ ನಾನು ಹೇಳಿದ್ದು, ಎಲ್ಲ ಚೆನ್ನಾಗಾಯಿತು ಅಂತ ಮಾತ್ರ.

ಸಿನಿಮಾ ಬಂದಾಗ ಇಬ್ಬರೂ ಅಂಗಡಿ ಮುಚ್ಚಿ ಚಿತ್ರದುರ್ಗಕ್ಕೆ ಮಧ್ಯಾಹ್ನದ ಆಟಕ್ಕೆ ಹೋದೆವು. ತಪಾಸಣೆಯ ದೃಶ್ಯ ಬಂತು. ಮಾತ್ರೆ ಬಂದಾಗ ಜನ ನಕ್ಕರು, ಬೀಡಿ ಕಟ್ಟು ಬಂದಾಗ ಶಿಳ್ಳೆ ಬಿತ್ತು. ಖಾಲಿ ಜೇಬು ಬಂದಾಗ ಥಿಯೇಟರಿನಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು, "ಅಯ್ಯೋ ಪಾಪ, ಇವನೇ," ಎಂದಳು.

ನನ್ನ ಹೆಂಡತಿ ಕತ್ತಲಲ್ಲಿ ಪರದೆಯ ಮೇಲಿನ ಆ ಒಳಜೇಬುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಮೆಲ್ಲಗೆ ನನ್ನ ಕಡೆ ಬಾಗಿದಳು.

"ಅವರು ಇದನ್ನ ಕೇಳಿರ್ಲಿಲ್ಲ ಅಲ್ವಾ?"

"ಇಲ್ಲ."

"ಅವತ್ತು ಬೈಸ್ಕಂಡ್ರಾ?"

"ಸ್ವಲ್ಪ ಹೊತ್ತು ಮೂರು ದಿನದ ಕೆಲಸ ಮೈಮೇಲೆ ಬಂದಿತ್ತು. ಆಮೇಲೆ ಹಿಂಗಾಯ್ತು." ಪರದೆಯ ಕಡೆ ಕೈ ತೋರಿಸಿದೆ.

"ಕೇಳಿದ್ದಿದ್ರೆ ಈ ಸೀನೇ ಇರ್ತಿರ್ಲಿಲ್ಲ ಅಂತೀರಿ ಈಗ. ನಂಗೊತ್ತು ನಿಮ್ಮ ಬುದ್ಧಿ."

ಅದನ್ನೇ ಹೇಳಬೇಕೆಂದು ನಾಲಿಗೆಯ ತುದಿಗೆ ತಂದುಕೊಂಡಿದ್ದೆ. ನುಂಗಿಕೊಂಡೆ.

"ಇಲ್ಲ, ಕೇಳ್ಬೇಕಿತ್ತು," ಎಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. ಪರದೆಯ ಬೆಳಕಿನಲ್ಲಿ ಎಷ್ಟು ಕಂಡಿತೋ ಗೊತ್ತಿಲ್ಲ. ಆಮೇಲೆ ಸೆರಗಿನಿಂದ ಕಡಲೆಪುರಿಯ ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟು, ಸಿನಿಮಾ ನೋಡಲು ಕುಳಿತಳು.